ಗಲಾಟೆ ಏಳುವ ಹೊತ್ತಿಗೆ ತೀರ್ಮಾನ ಮುಗಿದಿರುತ್ತದೆ

2025ರ ಮೇ 11. ಲಿವರ್‌ಪೂಲ್ ತಂಡ ಪ್ರೀಮಿಯರ್ ಲೀಗ್ ಗೆದ್ದು ಎರಡು ವಾರವಾಗಿತ್ತು. ಆನ್‌ಫೀಲ್ಡ್‌ಗೆ ಆಡಲು ಬಂದ ಆರ್ಸೆನಲ್ ಆಟಗಾರರು ಎರಡು ಸಾಲಾಗಿ ನಿಂತು ಹೊಸ ಚಾಂಪಿಯನ್ನರಿಗೆ ಚಪ್ಪಾಳೆ ತಟ್ಟಿದ್ದರು. ಕ್ರೀಡಾಂಗಣದ ತುಂಬ ಹಬ್ಬದ ಕಳೆ. ದ್ವಿತೀಯಾರ್ಧದಲ್ಲಿ ಬದಲಿ ಆಟಗಾರನಾಗಿ ಟ್ರೆಂಟ್ ಅಲೆಕ್ಸಾಂಡರ್-ಆರ್ನಲ್ಡ್ ಮೈದಾನಕ್ಕೆ ಇಳಿದರು ನೋಡಿ, ಅವರದೇ ಊರಿನ ಜನ, ಅವರದೇ ಕೆಂಪು ಶರ್ಟ್ ತೊಟ್ಟವರು, 'ಬೂ' ಎಂದು ಕೂಗತೊಡಗಿದರು. ಚೆಂಡು ಕಾಲಿಗೆ ಸಿಕ್ಕಾಗಲೆಲ್ಲ ಅದೇ ಕೂಗು. ಆರನೇ ವಯಸ್ಸಿಗೆ ಕ್ಲಬ್ಬಿನ ಅಕಾಡೆಮಿ ಸೇರಿ, 354 ಪಂದ್ಯ ಆಡಿ, ಎರಡು ಲೀಗ್ ಕಿರೀಟ ಮತ್ತು ಒಂದು ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಹುಡುಗನಿಗೆ ಸಿಕ್ಕ ಮರ್ಯಾದೆ ಇದು. ಜೂನ್‌ನಲ್ಲಿ ಒಪ್ಪಂದ ಮುಗಿಯುತ್ತದೆ, ಅದನ್ನು ನವೀಕರಿಸುವುದಿಲ್ಲ, ಕ್ಲಬ್ ಬಿಡುತ್ತೇನೆ ಎಂದು ಅವರು ಆರು ದಿನ ಮೊದಲು ಹೇಳಿದ್ದರು. ಹೊರಟಿದ್ದು ರಿಯಲ್ ಮ್ಯಾಡ್ರಿಡ್‌ಗೆ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ.

ವಾರಾಂತ್ಯದ ರಾತ್ರಿಗಳನ್ನು ಇಂಗ್ಲೆಂಡಿನ ಪಂದ್ಯಗಳಿಗೆ ಬರೆದುಕೊಟ್ಟಿರುವ ಬೆಂಗಳೂರು, ಮಂಗಳೂರಿನ ಹುಡುಗರ ನಡುವೆಯೂ ಇಂಥ ಹೊತ್ತಿನಲ್ಲಿ ಜಗಳ ತಪ್ಪಿದ್ದಲ್ಲ. "ಚಿಕ್ಕ ಮಗುವಿನಿಂದ ಸಾಕಿದ್ದಕ್ಕೆ ಇದಾ ಗುರು ಪ್ರತಿಫಲ?" ಎನ್ನುವವನೊಬ್ಬ. "ಇಪ್ಪತ್ತು ವರ್ಷ ಅಲ್ಲೇ ದುಡಿದಿದ್ದಾನೆ, ಗೆಲ್ಲೋದನ್ನೆಲ್ಲ ಗೆದ್ದುಕೊಟ್ಟಿದ್ದಾನೆ, ಹೋಗ್ಲಿ ಬಿಡೋ" ಎನ್ನುವವನು ಇನ್ನೊಬ್ಬ. ಮೂರನೆಯವನು ಆಟಗಾರನ ತಂಟೆಗೇ ಹೋಗದೆ ಕ್ಲಬ್ಬಿನ ಆಡಳಿತವನ್ನು ಬೈಯುತ್ತಾನೆ. ನನ್ನ ಮತ ಈ ಮೂರನೆಯವನಿಗೆ. ಆದರೆ ಅವನೂ ಬೈಯುವುದು ಮೇ ತಿಂಗಳಲ್ಲಿ. ಬೈಯಬೇಕಾಗಿದ್ದದ್ದು ಎರಡು ವರ್ಷ ಹಿಂದೆ, ಯಾರೂ ಈ ಮಾತೆತ್ತದಿದ್ದ ಕಾಲದಲ್ಲಿ.

ದಿನಾಂಕಗಳನ್ನು ನೋಡಿ. ಟ್ರೆಂಟ್ ಒಪ್ಪಂದಕ್ಕೆ ಸಹಿ ಹಾಕಿದ್ದು 2021ರ ಬೇಸಿಗೆಯಲ್ಲಿ. ರಕ್ಷಣಾ ವಿಭಾಗದ ಗೋಡೆ ವರ್ಜಿಲ್ ವಾನ್ ಡೈಕ್ ಕೂಡ ಅದೇ ಬೇಸಿಗೆಯಲ್ಲಿ. ಮೊಹಮ್ಮದ್ ಸಲಾಹ್ 2022ರಲ್ಲಿ. ಮೂರೂ ಮುಗಿಯುವುದು ಒಂದೇ ದಿನ, 2025ರ ಜೂನ್ 30. ಯುರೋಪಿನ ಕ್ಲಬ್‌ಗಳಲ್ಲಿ ಒಂದು ರೂಢಿ ಇದೆ: ಒಪ್ಪಂದದಲ್ಲಿ ಎರಡು ವರ್ಷ ಉಳಿದಿರುವಾಗಲೇ ಆಟಗಾರನನ್ನು ಕೂರಿಸಿಕೊಂಡು ಕೇಳಬೇಕು, ಇರುತ್ತೀಯಾ, ಹೋಗುತ್ತೀಯಾ ಎಂದು. ಇರುವುದಾದರೆ ಹೊಸ ಸಹಿ. ಇಲ್ಲವಾದರೆ ಒಳ್ಳೆಯ ಬೆಲೆ ಬರುವಾಗಲೇ ಮಾರಾಟ. ಆ ಲೆಕ್ಕದಲ್ಲಿ ಈ ಮೂವರ ಮಾತು ಎತ್ತಬೇಕಾಗಿದ್ದದ್ದು 2023ರ ಬೇಸಿಗೆಯಲ್ಲಿ. ಆಗ ಲಿವರ್‌ಪೂಲ್‌ನಲ್ಲಿ ಆ ಮಾತೆತ್ತಬೇಕಾದ ಕುರ್ಚಿಯೇ ಅಲುಗಾಡುತ್ತಿತ್ತು. ವರ್ಷಗಟ್ಟಲೆ ಆಟಗಾರರ ಖರೀದಿ, ಮಾರಾಟ ನೋಡಿಕೊಂಡಿದ್ದ ಮೈಕಲ್ ಎಡ್ವರ್ಡ್ಸ್ 2022ರಲ್ಲಿ ಬಿಟ್ಟುಹೋಗಿದ್ದರು. ಅವರ ಜಾಗಕ್ಕೆ ಬಂದ ಜೂಲಿಯನ್ ವಾರ್ಡ್ ಒಂದೇ ವರ್ಷಕ್ಕೆ ನಿರ್ಗಮಿಸಿದರು. ಬಳಿಕ ಹಂಗಾಮಿಯಾಗಿ ಬಂದ ಜರ್ಮನಿಯ ಯೋರ್ಗ್ ಶ್ಮಾಡ್‌ಟ್ಕೆ ಕೆಲವೇ ತಿಂಗಳಿದ್ದು ಹೊರಟರು. 2024ರ ಜನವರಿಯಲ್ಲಿ ಕೋಚ್ ಯುರ್ಗನ್ ಕ್ಲಾಪ್ ತಾವೂ ಹೊರಡುವುದಾಗಿ ಪ್ರಕಟಿಸಿದರು. ಎಡ್ವರ್ಡ್ಸ್ ಮಾಲೀಕರ ಕಂಪನಿಗೆ ಮರಳಿ, ರಿಚರ್ಡ್ ಹ್ಯೂಸ್ ಎಂಬ ಹೊಸ ನಿರ್ದೇಶಕರು ಕೆಲಸ ಶುರುಮಾಡುವ ವೇಳೆಗೆ ಮೂವರ ಒಪ್ಪಂದದಲ್ಲೂ ಉಳಿದದ್ದು ಒಂದೇ ವರ್ಷ. ಹೊಸಬರು ಬಂದು ಕೂತಿದ್ದೇ ಸೋತ ಪಗಡೆಯ ಮುಂದೆ.

ಒಂದು ವರ್ಷ ಉಳಿದ ಆಟಗಾರನ ಮುಂದೆ ಕ್ಲಬ್ಬಿನ ದನಿ ಸಣ್ಣದಾಗುತ್ತದೆ. ಆರು ತಿಂಗಳಾದರೆ ಇನ್ನೂ ಸಣ್ಣದು. ನಿಯಮದ ಪ್ರಕಾರ ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ವಿದೇಶಿ ಕ್ಲಬ್‌ನೊಂದಿಗೆ ಮುಂಗಡ ಒಪ್ಪಂದ ಮಾಡಿಕೊಳ್ಳಬಹುದು, ಹಳೆಯ ಕ್ಲಬ್ಬಿಗೆ ಚಿಕ್ಕಾಸೂ ಸಿಗುವುದಿಲ್ಲ. ಆ ಬಾಗಿಲು ತೆರೆಯುವ ಹೊಸ ವರ್ಷದ ಹೊಸ್ತಿಲಲ್ಲೇ, ಟ್ರೆಂಟ್‌ರನ್ನು ಈಗಲೇ ಕೊಡುತ್ತೀರಾ ಎಂದು ಮ್ಯಾಡ್ರಿಡ್ ಕೇಳಿತು. ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ಲಿವರ್‌ಪೂಲ್ ಒಪ್ಪಲಿಲ್ಲ. ದುಡ್ಡು ಬಿಟ್ಟು ಆಟಗಾರನನ್ನು ಇನ್ನೈದು ತಿಂಗಳು ಇಟ್ಟುಕೊಂಡಿತು, ಲೀಗ್ ಗೆದ್ದಿತು. ಇದನ್ನು ದಡ್ಡತನ ಎನ್ನುವವರ ಜತೆ ನನಗೆ ಜಗಳವಿದೆ. ಕೈಯಲ್ಲಿ ಉಳಿದಿದ್ದ ಒಂದೇ ದಾಳವನ್ನು ಸರಿಯಾಗಿಯೇ ಆಡಿದರು. ಕೊನೆಗೆ ಜೂನ್ ಮಧ್ಯದಲ್ಲಿ ಶುರುವಾಗುವ ಕ್ಲಬ್ ವಿಶ್ವಕಪ್‌ಗೆ ಟ್ರೆಂಟ್ ಬೇಕೆಂದು ಮ್ಯಾಡ್ರಿಡ್ ಸುಮಾರು 1 ಕೋಟಿ ಯೂರೊ ಕೊಟ್ಟು ಅವರನ್ನು ಒಂದು ತಿಂಗಳು ಮೊದಲೇ ಕರೆಸಿಕೊಂಡಿತು. ಎರಡು ವರ್ಷ ಮುಂಚೆಯಾಗಿದ್ದರೆ ಇದರ ಎಷ್ಟೋ ಪಟ್ಟು ಬರುತ್ತಿತ್ತು.

ಐಪಿಎಲ್ ನೋಡಿ ಬೆಳೆದ ಕಣ್ಣಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ರಿಟೆನ್ಷನ್ ಎಂದರೆ ತಂಡ ಪಟ್ಟಿ ಕೊಡುವುದು, ಪಟ್ಟಿಯಲ್ಲಿ ಹೆಸರಿಲ್ಲದವರು ಹರಾಜಿಗೆ ಹೋಗುವುದು. 2025ರ ಐಪಿಎಲ್‌ಗೆ ಮುನ್ನ ಆರ್‌ಸಿಬಿ ವಿರಾಟ್ ಕೊಹ್ಲಿಯನ್ನು 21 ಕೋಟಿ ರೂಪಾಯಿಗೆ ಉಳಿಸಿಕೊಂಡಿತು, ಮೊಹಮ್ಮದ್ ಸಿರಾಜ್‌ರನ್ನು ಬಿಟ್ಟಿತು, ಗುಜರಾತ್ 12.25 ಕೋಟಿಗೆ ಎತ್ತಿಕೊಂಡಿತು. ಯಾವ ಊರಿಗೆ ಹೋಗಬೇಕೆಂದು ಸಿರಾಜ್‌ರನ್ನು ಕೇಳಿದವರಿಲ್ಲ. ಫುಟ್‌ಬಾಲ್‌ನಲ್ಲೂ ಒಂದು ಕಾಲಕ್ಕೆ ಯಜಮಾನಿಕೆ ಪೂರ್ತಿ ಕ್ಲಬ್‌ಗಳದ್ದೇ, ಇದಕ್ಕಿಂತ ಕ್ರೂರವಾಗಿಯೇ ಇತ್ತು.

1893ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಒಂದು ಪದ್ಧತಿ ತಂದಿತು. ಆಟಗಾರರ ಒಪ್ಪಂದ ಒಂದೇ ಋತುವಿನದು. ಋತು ಮುಗಿದಾಗ ಕ್ಲಬ್ ಯಾರನ್ನು ಉಳಿಸಿಕೊಳ್ಳುತ್ತದೋ ಅವರ ಹೆಸರು 'ರಿಟೇನ್ಡ್ ಲಿಸ್ಟ್'ಗೆ ಸೇರುತ್ತಿತ್ತು. ಹಾಗೆ ಸೇರಿದವನು ಹೊಸ ಒಪ್ಪಂದಕ್ಕೆ ಸಹಿ ಹಾಕದಿದ್ದರೂ ಬೇರೆ ಕ್ಲಬ್‌ಗೆ ಆಡುವಂತಿರಲಿಲ್ಲ. ಸಂಬಳ ಕೊಡದೆಯೂ ಕ್ಲಬ್ ಅವನನ್ನು ಕಟ್ಟಿಹಾಕಬಹುದಿತ್ತು. ಇದರ ಮೇಲೆ ಸಂಬಳಕ್ಕೂ ಮಿತಿ: 1901ರಲ್ಲಿ ವಾರಕ್ಕೆ 4 ಪೌಂಡ್, 1961ರ ಆರಂಭಕ್ಕೂ 20 ಪೌಂಡ್ ಮಾತ್ರ. ಜಿಮ್ಮಿ ಹಿಲ್ ನೇತೃತ್ವದಲ್ಲಿ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ ಆ ವರ್ಷದ ಜನವರಿಯಲ್ಲಿ ಸಂಬಳದ ಮಿತಿ ಹೋಯಿತು. ಹಿಂದೆಯೇ ಫುಲ್‌ಹ್ಯಾಮ್ ಕ್ಲಬ್ ತನ್ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಕೊಟ್ಟು ಎಲ್ಲರ ಹುಬ್ಬೇರಿಸಿತು.

ಉಳಿಸಿಕೊಳ್ಳುವ ಹಗ್ಗ ಮಾತ್ರ ಹಾಗೇ ಇತ್ತು. ಅದನ್ನು ಜಗ್ಗಿದವರು ನ್ಯೂಕಾಸಲ್‌ನ ಜಾರ್ಜ್ ಈಸ್ಟ್‌ಹ್ಯಾಮ್. 1960ರಲ್ಲಿ ಕ್ಲಬ್ ಬಿಡಲು ಕೇಳಿದರು, ಕ್ಲಬ್ ಬಿಡಲಿಲ್ಲ. ಈಸ್ಟ್‌ಹ್ಯಾಮ್ ಹೊಸ ಒಪ್ಪಂದಕ್ಕೆ ಸಹಿ ಹಾಕದೆ ದಕ್ಷಿಣಕ್ಕೆ ಬಂದು ಪರಿಚಯದವರ ಕಂಪನಿಯಲ್ಲಿ ಬೆಂಡು ಮಾರುವ ಕೆಲಸ ಹಿಡಿದರು. ಮುಂದೆ ಇಂಗ್ಲೆಂಡ್ ರಾಷ್ಟ್ರೀಯ ತಂಡಕ್ಕೆ ಆಡಲಿದ್ದ ಆಟಗಾರ, ಬಾಟಲಿಯ ಬಿರಡೆಗೆ ಬಳಸುವ ಸರಕು ಮಾರುತ್ತ ತಿಂಗಳುಗಟ್ಟಲೆ ಕಳೆದರು. ಕೊನೆಗೆ ನ್ಯೂಕಾಸಲ್ ಮಣಿದು ಅವರನ್ನು 47,500 ಪೌಂಡ್‌ಗೆ ಆರ್ಸೆನಲ್‌ಗೆ ಮಾರಿತು. ಬೇಕಾದ್ದು ಸಿಕ್ಕರೂ ಈಸ್ಟ್‌ಹ್ಯಾಮ್ ಮೊಕದ್ದಮೆ ಬಿಡಲಿಲ್ಲ. ಈ ಪದ್ಧತಿ ಆಟಗಾರನ ದುಡಿಮೆಯ ಹಕ್ಕಿಗೆ ಹೇರಿದ ಅನ್ಯಾಯದ ಕಟ್ಟುಪಾಡು ಎಂದು 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪಿತ್ತರು.

ಉಳಿದ ಗಂಟನ್ನು ಬಿಚ್ಚಿದವರು ಬೆಲ್ಜಿಯಂನ ಜೀನ್-ಮಾರ್ಕ್ ಬಾಸ್ಮನ್, ಯಾರೂ ಹೆಸರೇ ಕೇಳದಿದ್ದ ಸಾಧಾರಣ ಆಟಗಾರ. 1990ರಲ್ಲಿ ಒಪ್ಪಂದ ಮುಗಿದಾಗ ಅವರ ಕ್ಲಬ್ ಲಿಯೇಜ್, ಸಂಬಳವನ್ನು ಕಾಲು ಭಾಗಕ್ಕೆ ಇಳಿಸಿ, ಬೇಕಾದರೆ ಇರು ಎಂದಿತು. ಫ್ರಾನ್ಸಿನ ಡಂಕರ್ಕ್ ಕ್ಲಬ್‌ಗೆ ಹೋಗುತ್ತೇನೆಂದರೆ, ಒಪ್ಪಂದ ಮುಗಿದಿದ್ದರೂ ವರ್ಗಾವಣೆ ಶುಲ್ಕ ಬೇಕೆಂದು ಹಿಡಿದಿಟ್ಟಿತು. ಐದು ವರ್ಷ ಕೋರ್ಟಿಗೆ ಅಲೆದ ಮೇಲೆ, 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಹೇಳಿತು: ಒಪ್ಪಂದ ಮುಗಿದ ಆಟಗಾರ ಐರೋಪ್ಯ ಒಕ್ಕೂಟದ ಇನ್ನೊಂದು ದೇಶಕ್ಕೆ ಶುಲ್ಕವಿಲ್ಲದೆ ಹೋಗಬಹುದು. ಆ ತೀರ್ಪಿನಿಂದ ಕೋಟ್ಯಧೀಶರಾದವರಿಗೆ ಲೆಕ್ಕವಿಲ್ಲ. ಬಾಸ್ಮನ್‌ಗೆ ಮಾತ್ರ ಅದರಿಂದ ಸಿಕ್ಕಿದ್ದು ಅತ್ಯಲ್ಪ. ಮುಂದಿನ ಬದುಕು ಕುಡಿತ, ಖಿನ್ನತೆಗಳಲ್ಲಿ ಕಳೆಯಿತು.

ಟ್ರೆಂಟ್‌ಗೆ 'ಬೂ' ಎಂದವರಲ್ಲಿ ಹಿರಿಯರಿಗೆ ಸ್ಟೀವ್ ಮೆಕ್‌ಮನಮನ್ ನೆನಪಾಗಿರಬೇಕು. ಅದೇ ಊರಿನ ಹುಡುಗ, ಬಾಸ್ಮನ್ ನಿಯಮದಡಿ 1999ರಲ್ಲಿ ಬಿಡಿಗಾಸು ತರದೆ ಅದೇ ಮ್ಯಾಡ್ರಿಡ್‌ಗೆ ಹೋದವರು. ಮರುವರ್ಷವೇ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಗೋಲು ಹೊಡೆದು ಕಪ್ ಎತ್ತಿದರು. ಅಂದರೆ ಲಿವರ್‌ಪೂಲ್‌ಗೆ ಪಾಠ ಕಾಲು ಶತಮಾನ ಹಿಂದೆಯೇ ಆಗಿತ್ತು.

ಹಾಗಾದರೆ ಕ್ಲಬ್‌ಗಳು ಎರಡು ವರ್ಷ ಮೊದಲೇ ಎಲ್ಲರಿಗೂ ಹೊಸ ಒಪ್ಪಂದ ಏಕೆ ಕೊಡುವುದಿಲ್ಲ? ವಯಸ್ಸು. ಅಭಿಮಾನಿ ಒಪ್ಪಂದವನ್ನು ನೋಡುವುದು ಕಳೆದ ವರ್ಷಗಳ ಋಣ ಎಂದು. ಕ್ಲಬ್ ದುಡ್ಡು ಕೊಡುವುದು ಬರಲಿರುವ ವರ್ಷಗಳಿಗೆ. ಆರ್ಸೆನಲ್‌ನ ಆರ್ಸೀನ್ ವೆಂಗರ್ ಇದರಲ್ಲಿ ಕಟ್ಟುನಿಟ್ಟು: ಮೂವತ್ತು ದಾಟಿದವರಿಗೆ ಒಂದು ಸಲಕ್ಕೆ ಒಂದೇ ವರ್ಷ. ಅದಕ್ಕೊಪ್ಪದೆ ರಾಬರ್ಟ್ ಪಿರೆಸ್‌ರಂಥವರು 2006ರಲ್ಲಿ ಸ್ಪೇನಿಗೆ ಹೋದರು, ಅಭಿಮಾನಿಗಳು ಕೆರಳಿದರು. ವೆಂಗರ್ ಹೋದ ಬಳಿಕ ಅದೇ ಕ್ಲಬ್ ತದ್ವಿರುದ್ಧ ದಾರಿ ಹಿಡಿಯಿತು. 2020ರಲ್ಲಿ ಎಫ್ಎ ಕಪ್ ಗೆದ್ದುಕೊಟ್ಟ ಪಿಯರ್-ಎಮೆರಿಕ್ ಒಬಾಮೆಯಾಂಗ್‌ಗೆ ಆಗ 31. ಕೇಳಿದಷ್ಟು ಕೊಟ್ಟು ಸಹಿ ಹಾಕಿಸಿ ಎಂದು ಅಭಿಮಾನಿಗಳು ಬೊಬ್ಬಿಟ್ಟರು, ಕ್ಲಬ್ ಹಾಕಿಸಿತು, ಊರಿಗೆ ಊರೇ ಕುಣಿಯಿತು. ಗೋಲುಗಳು ಕಡಿಮೆಯಾದವು, ಶಿಸ್ತಿನ ಜಗಳವಾಯಿತು, ನಾಯಕತ್ವ ಹೋಯಿತು. ಹದಿನೆಂಟು ತಿಂಗಳು ತುಂಬುವುದರೊಳಗೆ ಒಪ್ಪಂದ ರದ್ದುಮಾಡಿ ಪುಕ್ಕಟೆ ಬಾರ್ಸಿಲೋನಾಕ್ಕೆ ಕಳಿಸಬೇಕಾಯಿತು. ಅಂದು ಸಹಿಗಾಗಿ ಹಟ ಹಿಡಿದವರು ಇಂದು ಆ ಮಾತು ತೆಗೆದರೆ ಮೊಬೈಲ್ ನೋಡತೊಡಗುತ್ತಾರೆ.

ಸಲಾಹ್ ವಿಷಯ ಇದಕ್ಕಿಂತ ತೊಡಕಿನದು. 2024ರ ನವೆಂಬರ್‌ನಲ್ಲಿ ಸೌತಾಂಪ್ಟನ್ ವಿರುದ್ಧ ಎರಡು ಗೋಲು ಹೊಡೆದ ಮೇಲೆ ಅವರು ಪತ್ರಕರ್ತರ ಮುಂದೆ, ಕ್ಲಬ್ಬಿನಿಂದ ಇನ್ನೂ ಯಾವ ಪ್ರಸ್ತಾವವೂ ಬಂದಿಲ್ಲ, ಉಳಿಯುವುದಕ್ಕಿಂತ ಹೋಗುವ ಸಾಧ್ಯತೆಯೇ ಹೆಚ್ಚು ಎಂದರು. ಬೀದಿಗೆ ತಂದ ಚೌಕಾಸಿ ಅದು, ಬಲು ಜಾಣತನದ್ದು. ಆ ಋತುವಿನಲ್ಲಿ ಲೀಗ್ ಒಂದರಲ್ಲೇ 29 ಗೋಲು, 18 ಅಸಿಸ್ಟ್. ಇಂಥವರನ್ನು ಬಿಡಿ ಎನ್ನುವ ಎದೆಗಾರಿಕೆ ಯಾವ ಅಭಿಮಾನಿಗೂ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಸಲಾಹ್‌ಗೂ ವಾನ್ ಡೈಕ್‌ಗೂ ಎರಡೆರಡು ವರ್ಷದ ಒಪ್ಪಂದ ಸಿಕ್ಕಿತು. ಅದೇ ಡಿಸೆಂಬರ್‌ನ ಹೊತ್ತಿಗೆ ಸಲಾಹ್ ಬೆಂಚಿನ ಮೇಲೆ ಕೂತಿದ್ದರು. ಲೀಡ್ಸ್ ವಿರುದ್ಧದ ಪಂದ್ಯ ಮುಗಿದ ಮೇಲೆ, ತಂಡದ ಸೋಲುಗಳಿಗೆಲ್ಲ ತನ್ನನ್ನು ಹೊಣೆ ಮಾಡಲಾಗುತ್ತಿದೆ ಎಂದು ಬಹಿರಂಗವಾಗಿ ಸಿಡಿದರು. ಸಹಿ ಹಾಕಿಸಿದ್ದು ತಪ್ಪೇ? ಏಪ್ರಿಲ್‌ನಲ್ಲಿ ಕೂತು ನೋಡಿದರೆ ಅಲ್ಲ ಎಂದೇ ಈಗಲೂ ನನ್ನ ಅನಿಸಿಕೆ. ಫಲಿತಾಂಶ ನೋಡಿಕೊಂಡು ತೀರ್ಮಾನವನ್ನು ಅಳೆಯುವುದು ಅಭಿಮಾನಿಗಳ ಹಳೆಯ ಚಾಳಿ, ಪತ್ರಕರ್ತರದ್ದೂ.

ಲೆಕ್ಕದ ಪುಸ್ತಕದ ಕಥೆಯೇ ಬೇರೆ. 5 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಒಪ್ಪಂದಕ್ಕೆ ತಂದ ಆಟಗಾರನ ಬೆಲೆಯನ್ನು ಕ್ಲಬ್ ವರ್ಷಕ್ಕೆ 1 ಕೋಟಿಯಂತೆ ಖರ್ಚಿಗೆ ಬರೆಯುತ್ತದೆ. ಎರಡು ವರ್ಷ ಕಳೆದ ಮೇಲೆ ಅವನನ್ನು 3 ಕೋಟಿಗೆ ಮಾರಿದರೆ ಪುಸ್ತಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಕಾಡೆಮಿಯ ಹುಡುಗ ಹಾಗಲ್ಲ. ಕೊಟ್ಟಿಗೆಯಲ್ಲೇ ಹುಟ್ಟಿದ ಕರುವಿಗೆ ಕೊಂಡ ಬೆಲೆ ಇರುವುದಿಲ್ಲವಲ್ಲ, ಮಾರಿದ್ದೆಲ್ಲ ಲಾಭವೇ. ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸಬಾರದು ಎಂಬ ಪ್ರೀಮಿಯರ್ ಲೀಗ್ ನಿಯಮ ಬಂದ ಮೇಲೆ ಪುಸ್ತಕದ ಈ ಲಾಭದ ಸಾಲಿಗೆ ಭಾರಿ ಬೆಲೆ ಬಂತು. ಚೆಲ್ಸಿ ಕ್ಲಬ್ ಹೊರಗಿನಿಂದ ತಂದವರಿಗೆ ಎಂಟೆಂಟು ವರ್ಷದ ಒಪ್ಪಂದ ಕೊಟ್ಟು ಖರ್ಚನ್ನು ತೆಳ್ಳಗೆ ಹರವಿತು (ಹೀಗೆ ಹರವುವುದನ್ನು ಐದು ವರ್ಷಕ್ಕೆ ಮಿತಿಗೊಳಿಸಲು ಆಮೇಲೆ ನಿಯಮವೇ ಬರಬೇಕಾಯಿತು). ತಾನೇ ಬೆಳೆಸಿದ ಮೇಸನ್ ಮೌಂಟ್‌ರನ್ನು 2023ರಲ್ಲಿ 5.5 ಕೋಟಿ ಪೌಂಡ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೂ, ಮರುವರ್ಷ ಕಾನರ್ ಗ್ಯಾಲಹರ್‌ರನ್ನು ಅಟ್ಲೆಟಿಕೊ ಮ್ಯಾಡ್ರಿಡ್‌ಗೂ ಮಾರಿತು. ನಮ್ಮ ಹುಡುಗರನ್ನೇ ಏಕೆ ಮಾರುತ್ತೀರಿ ಎಂದು ಅಭಿಮಾನಿಗಳು ಕೇಳಿದರು. ನಮ್ಮ ಹುಡುಗರು ಎಂಬುದೇ ಮಾರಾಟದ ಕಾರಣ. ನಷ್ಟ ತಡೆಯಲೆಂದು ಮಾಡಿದ ನಿಯಮ, ಪ್ರೇಕ್ಷಕರು ಅತಿ ಹೆಚ್ಚು ಪ್ರೀತಿಸುವವರನ್ನೇ ಮೊದಲು ಮಾರುವಂತೆ ಕ್ಲಬ್‌ಗಳನ್ನು ತಳ್ಳಿದ್ದು ಈ ಆಟದ ದೊಡ್ಡ ವಿಪರ್ಯಾಸಗಳಲ್ಲಿ ಒಂದು.

ಹಾಗೆಂದು ಮಾರಾಟವೆಲ್ಲ ಕೇಡಲ್ಲ. 2018ರ ಜನವರಿಯಲ್ಲಿ ಫಿಲಿಪ್ ಕುಟಿನ್ಯೊರನ್ನು ಬಾರ್ಸಿಲೋನಾಕ್ಕೆ ಕೊಟ್ಟಾಗ ಲಿವರ್‌ಪೂಲ್‌ನ ಆಸೆಯೇ ಮುಗಿಯಿತೆಂದು ಅತ್ತವರಿದ್ದರು. ಆ ಒಪ್ಪಂದದ ಮೊತ್ತ 14 ಕೋಟಿ ಪೌಂಡ್‌ವರೆಗೆ ಏರುವಂಥದ್ದು. ಅದೇ ವರ್ಷ 7.5 ಕೋಟಿಗೆ ವಾನ್ ಡೈಕ್ ಬಂದರು, ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್ ಬಂದರು. 2019ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಅದೇ ಬಾರ್ಸಿಲೋನಾವನ್ನು, ಕುಟಿನ್ಯೊ ಆಡುತ್ತಿದ್ದ ತಂಡವನ್ನು, 4–0ಯಿಂದ ಹೊರಗಟ್ಟಿ ಕಪ್ ಗೆದ್ದರು. ಕುಟಿನ್ಯೊರನ್ನು ಒಪ್ಪಂದದಲ್ಲಿ ಇನ್ನೂ ವರ್ಷಗಳು ಉಳಿದಿದ್ದಾಗ ಮಾರಿದ್ದರಿಂದ ಬಂದ ಬೆಲೆ ಅದು.

ನಮ್ಮ ಬೆಂಗಳೂರು ಎಫ್‌ಸಿಗೆ ಬಂದರೆ, ಇಲ್ಲಿನ ಅಭಿಮಾನಿಗಳು ಒಮ್ಮೆ ಚರ್ಚೆಗೇ ಅವಕಾಶವಿಲ್ಲದ ಪರಿಸ್ಥಿತಿ ನೋಡಿದ್ದಾರೆ. 2013ರಲ್ಲಿ ಹುಟ್ಟಿ, ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋದ ತಂಡ ಅದು. 2017ರಲ್ಲಿ ಐಎಸ್‌ಎಲ್‌ಗೆ ಸೇರಿದಾಗ ನಿಯಮ ಹೀಗಿತ್ತು: ಹಿರಿಯ ಭಾರತೀಯ ಆಟಗಾರರಲ್ಲಿ ಇಬ್ಬರನ್ನಷ್ಟೇ ಉಳಿಸಿಕೊಳ್ಳಬಹುದು, ಜತೆಗೆ ಕೆಲವು ಕಿರಿಯರನ್ನು. ಕ್ಲಬ್ ಸುನಿಲ್ ಚೆಟ್ರಿಯನ್ನೂ ಉದಾಂತ ಸಿಂಗ್‌ರನ್ನೂ ಇಟ್ಟುಕೊಂಡಿತು. ನಡುಮೈದಾನದ ಕಣ್ಮಣಿ ಯುಜೀನ್‌ಸನ್ ಲಿಂಗ್ಡೊ ಆ ವರ್ಷದ ಡ್ರಾಫ್ಟ್‌ನಲ್ಲಿ ಅತಿ ದುಬಾರಿ ಬೆಲೆಯಾದ 1.10 ಕೋಟಿ ರೂಪಾಯಿಗೆ ಕೋಲ್ಕತ್ತದ ಎಟಿಕೆ ಪಾಲಾದರು. ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ವರ್ಷಗಟ್ಟಲೆ ಹಾಡಿದವರು ಯಾರ ಮೇಲೆ ಸಿಟ್ಟಾಗಬೇಕು? ಕ್ಲಬ್ ಬಿಟ್ಟಿರಲಿಲ್ಲ, ಆಟಗಾರ ಹೋಗಿರಲಿಲ್ಲ, ನಿಯಮಾವಳಿಯ ಒಂದು ಸಾಲು ಎಳೆದೊಯ್ದಿತ್ತು.

ಚೆಟ್ರಿ ವಿಷಯದಲ್ಲಿ ಮಾತ್ರ ವಾದಕ್ಕೆ ಬರವಿರಲಿಲ್ಲ. 2022–23ರಲ್ಲಿ ಕೋಚ್ ಸೈಮನ್ ಗ್ರೇಸನ್ ಅವರನ್ನು ಬೆಂಚಿನ ಮೇಲೆ ಕೂರಿಸಿದಾಗ, ಇನ್ನು ಯುವಕರಿಗೆ ಜಾಗ ಬಿಡಬೇಕೆಂದು ಮೆಲ್ಲಗೆ ಹೇಳುವವರು ಹುಟ್ಟಿಕೊಂಡರು. ಅವರ ತರ್ಕದಲ್ಲಿ ಹುರುಳಿತ್ತು. ಮೂವತ್ತೆಂಟರ ಸ್ಟ್ರೈಕರ್‌ನನ್ನು ನಂಬಿ ತಂಡ ಕಟ್ಟುವ ಕ್ಲಬ್ ಯಾವ ದೇಶದಲ್ಲೂ ಅಪರೂಪ. 2024–25ರಲ್ಲಿ ನಲವತ್ತರ ಚೆಟ್ರಿ 14 ಗೋಲು ಹೊಡೆದು ಐಎಸ್‌ಎಲ್‌ನ ಭಾರತೀಯರಲ್ಲೇ ಮೊದಲಿಗರಾದರು, ತಂಡ ಫೈನಲ್ ತಲುಪಿತು. ಇದೊಂದನ್ನು ತೋರಿಸಿ ಎಲ್ಲ ಹಿರಿಯರಿಗೂ ಒಪ್ಪಂದ ಬರೆದುಕೊಡಿ ಎನ್ನುವವರಿಗೆ ನಾನು ಒಬಾಮೆಯಾಂಗ್ ಹೆಸರು ಹೇಳುತ್ತೇನೆ. ಚೆಟ್ರಿಯಂಥವರು ನಿಯಮಕ್ಕೆ ಸಿಗದವರು, ಅವರ ಮೇಲೆ ನಿಯಮ ಕಟ್ಟಲಾಗದು.

ಇಂಗ್ಲೆಂಡಿನಲ್ಲಿ ಈಗಲೂ ಪ್ರತಿ ಮೇ, ಜೂನ್‌ನಲ್ಲಿ ರಿಟೇನ್ಡ್ ಲಿಸ್ಟ್ ಎಂಬ ಹೆಸರಿನಲ್ಲೇ ಕ್ಲಬ್‌ಗಳು ಪಟ್ಟಿ ಹೊರಡಿಸುತ್ತವೆ. ಅಭಿಮಾನಿ ಅದರಲ್ಲಿ ಎರಡೋ ಮೂರೋ ಪರಿಚಿತ ಹೆಸರು ಹುಡುಕಿ ಜಗಳಕ್ಕೆ ಕೂರುತ್ತಾನೆ. ಕೆಳಗಿನ ಸಾಲುಗಳಲ್ಲಿ ಹದಿನೆಂಟು, ಇಪ್ಪತ್ತರ ಹುಡುಗರ ಹೆಸರುಗಳಿರುತ್ತವೆ, ಎದುರಿಗೆ 'ರಿಲೀಸ್ಡ್' ಎಂದು. ಇನ್ನೂ ಚಿಕ್ಕವರ ಹೆಸರು ಪಟ್ಟಿಗೂ ಬರುವುದಿಲ್ಲ. ಬಾಸ್ಮನ್ ತೀರ್ಪು ಕೊಟ್ಟ ಬಲ ಇವರಿಗಿಲ್ಲ. ಇಲ್ಲಿ ಯಜಮಾನ ಇವತ್ತಿಗೂ ಕ್ಲಬ್ಬೇ. ಲಿವರ್‌ಪೂಲ್‌ನ ಎಡಬದಿಯನ್ನು ವರ್ಷಗಟ್ಟಲೆ ಕಾಯ್ದ ಆಂಡಿ ರಾಬರ್ಟ್‌ಸನ್‌ರನ್ನು ಗ್ಲಾಸ್ಗೊದ ಸೆಲ್ಟಿಕ್ ಕ್ಲಬ್, ಮೈಕಟ್ಟು ಸಾಲದೆಂದು, ಹದಿನೈದರಲ್ಲಿ ಹೊರಕಳಿಸಿತ್ತು. ಅವರು ಹವ್ಯಾಸಿಗಳ ಕ್ಲಬ್ ಕ್ವೀನ್ಸ್ ಪಾರ್ಕ್‌ಗೆ ಆಡುತ್ತ, ಹ್ಯಾಂಪ್ಡನ್ ಪಾರ್ಕ್ ಕ್ರೀಡಾಂಗಣದಲ್ಲಿ ಟಿಕೆಟ್ ಮಾರಾಟದ ಫೋನ್ ಎತ್ತುವ ಕೆಲಸ ಮಾಡಿ ದಾರಿ ಹುಡುಕಿಕೊಂಡರು. ಡೆಕ್ಲನ್ ರೈಸ್‌ರನ್ನು ಚೆಲ್ಸಿ ಹದಿನಾಲ್ಕಕ್ಕೆ ಬಿಟ್ಟಿತು, 2023ರಲ್ಲಿ ಅವರಿಗೆ ಆರ್ಸೆನಲ್ ತೆತ್ತದ್ದು 10 ಕೋಟಿ ಪೌಂಡ್‌ಗೂ ಹೆಚ್ಚು.

ಅದೇ ಆರ್ಸೆನಲ್ ತನ್ನ ಅಕಾಡೆಮಿಯಿಂದ ಹದಿಮೂರರ ಎಬೆರೆಚಿ ಎಜೆಯನ್ನು ಕಳಿಸಿಬಿಟ್ಟಿತ್ತು. ಆಮೇಲೆ ಫುಲ್‌ಹ್ಯಾಮ್, ರೆಡಿಂಗ್, ಮಿಲ್‌ವಾಲ್ ಕ್ಲಬ್‌ಗಳೂ ಬೇಡವೆಂದವು. 2025ರ ಆಗಸ್ಟ್‌ನಲ್ಲಿ ಆರ್ಸೆನಲ್ ಅವರನ್ನು ಕ್ರಿಸ್ಟಲ್ ಪ್ಯಾಲೇಸ್‌ನಿಂದ ಸುಮಾರು 6 ಕೋಟಿ ಪೌಂಡ್‌ಗೆ ಕೊಂಡಿತು, ನವೆಂಬರ್‌ನಲ್ಲಿ ಬದ್ಧವೈರಿ ಟಾಟನ್‌ಹ್ಯಾಮ್ ವಿರುದ್ಧ ಎಜೆ ಮೂರು ಗೋಲು ಹೊಡೆದರು. ಮನೆಮಗ ಮನೆಗೆ ಬಂದನೆಂದು ಅಭಿಮಾನಿಗಳು ಕುಣಿದರು. ಹದಿಮೂರರ ಹುಡುಗನನ್ನು ಬಿಟ್ಟುಕೊಟ್ಟ ಆಸುಪಾಸಿನ ವರ್ಷಗಳಲ್ಲಿ ಆರ್ಸೆನಲ್‌ನ ಅಭಿಮಾನಿಗಳು ಬಿಸಿಬಿಸಿ ವಾದ ನಡೆಸಿದ್ದು ರಾಬಿನ್ ವಾನ್ ಪರ್ಸಿ, ಸೆಸ್ಕ್ ಫ್ಯಾಬ್ರೆಗಾಸ್ ಉಳಿಯುತ್ತಾರೋ ಹೋಗುತ್ತಾರೋ ಎಂಬುದರ ಮೇಲೆ. ಇಬ್ಬರೂ ಹೋದರು.